ಅಪರಾಧಕ್ಕೂ ಮುಂಚಿನ ಜೀವಶಾಸ್ತ್ರ

2001ರ ಕೊನೆಯ ತಿಂಗಳುಗಳು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫೋರ್ಟ್ ಡೆಟ್ರಿಕ್‌ನ ಸೇನಾ ಸಂಶೋಧನಾಲಯದಲ್ಲಿ ಟೆರ್ರಿ ಅಬ್‌ಶೈರ್ ಎಂಬ ಸೂಕ್ಷ್ಮಜೀವಿ ತಜ್ಞೆ ಪೆಟ್ರಿ ತಟ್ಟೆಗಳಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಾಲೊನಿಗಳನ್ನು ನೋಡುತ್ತಿದ್ದರು. ಅಂಚೆಯಲ್ಲಿ ಬಂದ ಲಕೋಟೆಗಳ ಪುಡಿಯಿಂದ ಬೆಳೆಸಿದ ಆಂಥ್ರಾಕ್ಸ್ ರೋಗಾಣು ಅದು. ತಟ್ಟೆಯ ತುಂಬ ಒಂದೇ ತೆರನ ಕಾಲೊನಿಗಳು. ನಡುವೆ ಅಲ್ಲೊಂದು ಇಲ್ಲೊಂದು ಮಾತ್ರ ಬಣ್ಣದಲ್ಲಿ, ಮೈಯ ನುಣುಪಿನಲ್ಲಿ ತುಸು ಬೇರೆ. ಅವನ್ನು ಕಡೆಗಣಿಸಿ ಮುಂದೆ ಹೋಗುವುದು ಸುಲಭವಿತ್ತು. ಅಬ್‌ಶೈರ್ ಹಾಗೆ ಮಾಡಲಿಲ್ಲ. ಬೇರೆಯಾಗಿ ಕಂಡವನ್ನು ಹೆಕ್ಕಿ ಮತ್ತೆ ಬೆಳೆಸಿದರು. ಅವು ಮತ್ತೆಯೂ ಬೇರೆಯಾಗಿಯೇ ಬೆಳೆದವು. ಮುಂದಿನ ಏಳೆಂಟು ವರ್ಷಗಳ ತನಿಖೆಯ ವೈಜ್ಞಾನಿಕ ಭಾಗವೆಲ್ಲ ನಿಂತದ್ದು ಈ ಗಮನದ ಮೇಲೆ.

ಸೆಪ್ಟೆಂಬರ್ 11ರ ದಾಳಿ ನಡೆದು ವಾರ ಕಳೆಯುವಷ್ಟರಲ್ಲಿ ಪತ್ರಿಕೆ, ಟಿವಿ ಕಚೇರಿಗಳಿಗೆ, ಆಮೇಲೆ ಇಬ್ಬರು ಸೆನೆಟರುಗಳಿಗೆ ಈ ಲಕೋಟೆಗಳು ಹೋಗಿದ್ದವು. 22 ಜನರಿಗೆ ಸೋಂಕು ತಗುಲಿತು, ಐವರು ಸತ್ತರು. ಮೊದಲು ಸತ್ತವರು ಫ್ಲಾರಿಡಾದ ಒಬ್ಬ ಪತ್ರಿಕಾ ಛಾಯಾಚಿತ್ರ ಸಂಪಾದಕ. ಅವರ ದೇಹದಿಂದ ತೆಗೆದ ರೋಗಾಣು ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿದ್ದ ಪಾಲ್ ಕೈಮ್ ಅವರ ಪ್ರಯೋಗಾಲಯಕ್ಕೆ ಹೋಯಿತು. ಬಹಳ ಬೇಗ ಉತ್ತರ ಬಂತು: ಇದು ‘ಏಮ್ಸ್’ ತಳಿ. ಅಷ್ಟು ಬೇಗ ಹೇಗೆ ಗೊತ್ತಾಯಿತು? ಲೂಯಿಸಿಯಾನಾದ ಪಶುವೈದ್ಯ ವಿಜ್ಞಾನಿ ಮಾರ್ಟಿನ್ ಹ್ಯೂ-ಜೋನ್ಸ್ ವರ್ಷಗಳಿಂದ ಜಗತ್ತಿನ ಮೂಲೆಮೂಲೆಯ ಆಂಥ್ರಾಕ್ಸ್ ತಳಿಗಳನ್ನು ಸಂಗ್ರಹಿಸಿಟ್ಟಿದ್ದರು. ಕೈಮ್ ಅವುಗಳ ಡಿಎನ್‌ಎ ಹೋಲಿಕೆ–ವ್ಯತ್ಯಾಸಗಳ ಪಟ್ಟಿ ಮಾಡಿದ್ದರು. ನಮ್ಮ ಪಶುವೈದ್ಯರು ನೆರಡಿ ರೋಗವೆನ್ನುವ ಈ ಕಾಯಿಲೆಗೆ ಬಲಿಯಾದ ದನಕುರಿಗಳ ಲೆಕ್ಕ ಅದು. ಏಮ್ಸ್ ತಳಿಯ ಮೂಲವೂ 1981ರಲ್ಲಿ ಟೆಕ್ಸಸ್‌ನಲ್ಲಿ ಸತ್ತ ಒಂದು ಹಸುವೇ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಅಪರಾಧ ನಡೆದ ಮೇಲೆ ಪ್ರಯೋಗಾಲಯ ಏನು ಹೇಳಬಲ್ಲದು ಎಂಬುದು ಅಪರಾಧಕ್ಕೂ ಮುಂಚೆ, ಅಪರಾಧದ ಯೋಚನೆಯೇ ಇಲ್ಲದೆ, ಯಾರೋ ಜೀವಜಗತ್ತನ್ನು ಎಷ್ಟು ತಿಳಿದಿದ್ದರು ಎಂಬುದರ ಮೇಲೆ ನಿಂತಿದೆ. ಫೊರೆನ್ಸಿಕ್ ಓದಬೇಕೆಂದು ಹಂಬಲಿಸುವ ಮಕ್ಕಳು ಇಂದು ಬಹಳ. ಅವರಿಗೆ ಈ ಮಾತನ್ನು ಮೊದಲೇ ಹೇಳಬೇಕು.

ಆಂಥ್ರಾಕ್ಸ್ ಕಥೆ ಮುಗಿದಿಲ್ಲ. ಏಮ್ಸ್ ತಳಿ ಹತ್ತಾರು ಪ್ರಯೋಗಾಲಯಗಳಲ್ಲಿತ್ತು. ಹಾಗಾಗಿ ತಳಿಯ ಹೆಸರು ಗೊತ್ತಾದರೂ ಮನೆ ಗೊತ್ತಾಗಲಿಲ್ಲ. ಆಗ ಉಪಯೋಗಕ್ಕೆ ಬಂದದ್ದು ಅಬ್‌ಶೈರ್ ಹೆಕ್ಕಿಟ್ಟ ಆ ಬೇರೆ ಕಾಲೊನಿಗಳು. ಅವುಗಳ ಇಡೀ ಜೀನೋಮ್ ಓದಿದಾಗ, ಬೀಜಾಣು ಕಟ್ಟುವ ಕ್ರಿಯೆಯನ್ನು ಕೆಡಿಸುವ ರೂಪಾಂತರಗಳು ಸಿಕ್ಕವು. ಆ ಪೈಕಿ ನಾಲ್ಕನ್ನು ಗುರುತಾಗಿಟ್ಟುಕೊಂಡು, ಏಮ್ಸ್ ತಳಿ ಇಟ್ಟುಕೊಂಡಿದ್ದ ಪ್ರಯೋಗಾಲಯಗಳಿಂದ ತರಿಸಿದ ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ನಾಲ್ಕೂ ಗುರುತುಗಳಿದ್ದದ್ದು ಎಂಟು ಮಾದರಿಗಳಲ್ಲಿ ಮಾತ್ರ. ಎಂಟರ ಮೂಲವೂ ಫೋರ್ಟ್ ಡೆಟ್ರಿಕ್‌ನದೇ ಒಂದು ಫ್ಲಾಸ್ಕ್ ಎಂದು ಎಫ್‌ಬಿಐ ಹೇಳಿತು. ಹಲವು ಬ್ಯಾಚುಗಳಲ್ಲಿ ಬೆಳೆಸಿದ ಬೀಜಾಣುಗಳನ್ನು ಒಂದೇ ಕಡೆ ಸುರಿದಿಟ್ಟ ಫ್ಲಾಸ್ಕ್ ಅದು. ಅಷ್ಟು ಬಗೆಯ ರೂಪಾಂತರಗಳು ಒಟ್ಟಿಗೆ ಸೇರಿದ್ದಕ್ಕೆ ಕಾರಣವೂ ಅದೇ. ಅದರ ಹೊಣೆ ಹೊತ್ತಿದ್ದ ವಿಜ್ಞಾನಿ ಆರೋಪ ಹೊರಿಸುವ ಮೊದಲೇ, 2008ರ ಜುಲೈನಲ್ಲಿ ತೀರಿಕೊಂಡರು. ವಿಚಾರಣೆ ನಡೆಯಲೇ ಇಲ್ಲ. 2010ರಲ್ಲಿ ಕಡತ ಮುಚ್ಚಿದರು.

2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪರಿಶೀಲನಾ ವರದಿ ಬಂತು. ವಿಜ್ಞಾನದ ಸಾಕ್ಷ್ಯ ಒಂದರಿಂದಲೇ ಆ ಪುಡಿ ಎಲ್ಲಿಂದ ಬಂತೆಂದು ಖಚಿತವಾಗಿ ತೀರ್ಮಾನಿಸಲು ಆಗದು ಎಂದಿತು. ಕಾರಣ ಸರಳ. ಆಂಥ್ರಾಕ್ಸನ್ನು ಬೇರೆ ಕಡೆ ಬೆಳೆಸಿದಾಗ ಅವೇ ರೂಪಾಂತರಗಳು ತಾವಾಗಿ ಹುಟ್ಟಿಕೊಳ್ಳುವ ಸಾಧ್ಯತೆ ಎಷ್ಟು? ಅದನ್ನು ಯಾರೂ ಬೇಕಾದಷ್ಟು ಅಳೆದಿರಲಿಲ್ಲ. ಜಗತ್ತಿನ ಅತ್ಯಾಧುನಿಕ ಯಂತ್ರಗಳಿದ್ದವು, ಹಣವಿತ್ತು, ಪರಿಣತರಿದ್ದರು. ಇಲ್ಲದೇ ಹೋದದ್ದು ಒಂದು ಬ್ಯಾಕ್ಟೀರಿಯಾದ ದಿನನಿತ್ಯದ ನಡವಳಿಕೆಯ ಲೆಕ್ಕ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು.

ನಮ್ಮಲ್ಲಿ ಈ ಮಾತಿಗೆ ಈಗ ತುರ್ತು ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ಪರಿಣತರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್), ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯ ಪ್ರಾದೇಶಿಕ ಪ್ರಯೋಗಾಲಯಗಳಿಗೆ ಬರುವ ಮುದ್ದೆಮಾಲು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಹುದ್ದೆಗಳು ಬರುತ್ತವೆ. ಆ ಹುದ್ದೆಗಳಲ್ಲಿ ಕೂರುವವರಿಗೆ ಏನು ಗೊತ್ತಿರಬೇಕು?

ಮೊದಲನೆಯದಾಗಿ, ಸೂಕ್ಷ್ಮಜೀವಿಗಳು ಸಾಕ್ಷ್ಯವನ್ನು ತಿನ್ನುತ್ತವೆ ಎಂಬುದು. ರಕ್ತ ಅಂಟಿದ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಠಾಣೆಯಲ್ಲಿಟ್ಟರೆ ಒಳಗಿನ ತೇವದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಡಿಎನ್‌ಎ ಚೂರುಚೂರಾಗುತ್ತದೆ. ಜುಲೈ ತಿಂಗಳ ಕರಾವಳಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಡ. ಅದಕ್ಕೇ ನೆರಳಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿ ಹಾಕಬೇಕೆಂಬ ನಿಯಮ. ಕಾರಣ ತಿಳಿಯದೆ ಬಾಯಿಪಾಠ ಮಾಡಿದವರು ಅವಸರದಲ್ಲಿ ಮೊದಲು ಮುರಿಯುವ ನಿಯಮವೂ ಇದೇ.

ಇನ್ನೊಂದು ಉದಾಹರಣೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ, ಆದರೆ ಎಷ್ಟೋ ಕುಟುಂಬಗಳ ಬದುಕನ್ನು ಮುಟ್ಟುತ್ತದೆ. ರಸ್ತೆ ಅಪಘಾತದಲ್ಲಿ ಸತ್ತವರ ರಕ್ತದಲ್ಲಿ ಮದ್ಯಸಾರ ಸಿಕ್ಕಿತೆಂದುಕೊಳ್ಳಿ. ಕುಡಿದು ಓಡಿಸಿದರು ಎಂಬ ತೀರ್ಮಾನ ಬರುತ್ತದೆ, ವಿಮೆಯ ಹಣಕ್ಕೆ ತಕರಾರು ಬರುತ್ತದೆ. ಆದರೆ ಹೆಣ ತಣ್ಣಗಿನ ಜಾಗದಲ್ಲಿರದಿದ್ದರೆ, ತೆಗೆದ ರಕ್ತಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಸೋಡಿಯಂ ಫ್ಲೋರೈಡ್ ಬೆರೆಸದಿದ್ದರೆ, ಕ್ಯಾಂಡಿಡಾದಂಥ ಯೀಸ್ಟ್‌ಗಳೂ ಹಲವು ಬ್ಯಾಕ್ಟೀರಿಯಾಗಳೂ ರಕ್ತದ ಸಕ್ಕರೆಯನ್ನು ಹುದುಗಿಸಿ ಮದ್ಯಸಾರ ತಯಾರಿಸುತ್ತವೆ. ತೊಟ್ಟು ಹೆಂಡ ಮುಟ್ಟದವರ ರಕ್ತದಲ್ಲೂ ಅದು ಕಾಣಿಸಿಕೊಳ್ಳಬಹುದು. ಹುದುಗುವಿಕೆಯಲ್ಲಿ ಮದ್ಯಸಾರದ (ಎಥನಾಲ್) ಜೊತೆಗೆ ಪ್ರೊಪನಾಲ್‌ನಂಥ ಉಪವಸ್ತುಗಳೂ ಹುಟ್ಟುವುದುಂಟು. ಕಣ್ಣಿನೊಳಗಿನ ದ್ರವ ರಕ್ತದಷ್ಟು ಬೇಗ ಕೆಡುವುದಿಲ್ಲ. ಇದನ್ನು ಬಲ್ಲವರು ರಕ್ತದ ಅಂಕಿ ಒಂದನ್ನೇ ನಂಬುವುದಿಲ್ಲ. ಮೂತ್ರ, ಕಣ್ಣಿನ ದ್ರವಗಳ ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಬಿ.ಎಸ್ಸಿ. ಎರಡನೇ ವರ್ಷದ ಹುದುಗುವಿಕೆಯ ಪಾಠವೇ ಇಲ್ಲಿ ಒಬ್ಬ ಸತ್ತವರ ಮಾನ ಕಾಯುತ್ತದೆ.

ಕ್ರಿಮಿಶುದ್ಧಿ ಬೇರೆ, ಡಿಎನ್‌ಎ ಇಲ್ಲದಿರುವುದು ಬೇರೆ. ಸೂಕ್ಷ್ಮಜೀವಿಶಾಸ್ತ್ರ ಓದಿದವರಿಗೆ ಇದು ಸಹಜವಾಗಿ ಹೊಳೆಯಬೇಕು. ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ 2007ರಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರ ಕೊಲೆಯಾದಾಗ ಸಿಕ್ಕ ಹೆಂಗಸೊಬ್ಬಳ ಡಿಎನ್‌ಎ, ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಹತ್ತಾರು ಪ್ರಕರಣಗಳಲ್ಲೂ ಸಿಕ್ಕಿತ್ತು. ಕಳ್ಳತನ, ಕೊಲೆ, ಎಲ್ಲದರಲ್ಲೂ ಅವಳೇ. 2009ರಲ್ಲಿ ನಿಜ ತಿಳಿಯಿತು: ಮಾದರಿ ತೆಗೆಯುವ ಹತ್ತಿಯ ಕಡ್ಡಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನ ಡಿಎನ್‌ಎ ಅದು. ಕಡ್ಡಿಗಳು ಕ್ರಿಮಿಶುದ್ಧವಾಗಿದ್ದವು. ಬ್ಯಾಕ್ಟೀರಿಯಾ ಸತ್ತಿದ್ದವು, ಡಿಎನ್‌ಎ ಉಳಿದಿತ್ತು.

ಆ ಡಿಎನ್‌ಎ ವಿದ್ಯೆಯೇ ಎಲ್ಲಿಂದ ಬಂತೆಂದು ನೋಡಿದರೆ ಮತ್ತೆ ಅಪರಾಧದ ಸುಳಿವೂ ಇಲ್ಲದ ಜಾಗಗಳಿಗೆ ಹೋಗಬೇಕಾಗುತ್ತದೆ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರ ಬುಗ್ಗೆಗಳಲ್ಲಿ ಯಾವ ಜೀವಿ ಬದುಕಬಲ್ಲದೆಂದು ಹುಡುಕುತ್ತಿದ್ದರು. ಸಿಕ್ಕ ಬ್ಯಾಕ್ಟೀರಿಯಾಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು 1969ರಲ್ಲಿ ಪ್ರಕಟಿಸಿದರು. ಕುದಿಯಲು ಸ್ವಲ್ಪವೇ ಕಡಿಮೆಯಿರುವ ಬಿಸಿಗೂ ಹಾಳಾಗದ ಅದರ ಕಿಣ್ವವೇ ಟ್ಯಾಕ್ ಪಾಲಿಮರೇಸ್. 1983ರಲ್ಲಿ ಕ್ಯಾರಿ ಮುಲ್ಲಿಸ್ ಚೂರು ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನ ಕಂಡುಹಿಡಿದಾಗ, ಮಾದರಿಯನ್ನು ಕಾಯಿಸಿದಾಗೆಲ್ಲ ಹಳೆಯ ಕಿಣ್ವ ಕೆಟ್ಟು ಪ್ರತಿಸಲ ಹೊಸದಾಗಿ ಸುರಿಯಬೇಕಿತ್ತು. ಟ್ಯಾಕ್ ಬಂದ ಮೇಲೆ ಆ ಕಷ್ಟ ತಪ್ಪಿತು. ಒಂದು ಸಿಗರೇಟಿನ ತುದಿ, ಬೇರುಸಹಿತ ಒಂದು ಕೂದಲು ಸಾಕ್ಷಿಯಾಗಬಲ್ಲದ್ದು ಇದರಿಂದ.

ಭಾರತದ ಕಥೆಯಲ್ಲಿ ಹಾವಿದೆ. ಲಾಲ್‌ಜಿ ಸಿಂಗ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಾವುಗಳ ವರ್ಣತಂತುಗಳ ಮೇಲೆ ಸಂಶೋಧನೆ ಮಾಡಿದವರು. ಹಳದಿ–ಕಪ್ಪು ಪಟ್ಟೆಗಳ ಕಟ್ಟುಹಾವಿನಲ್ಲಿ ಹೆಣ್ಣನ್ನು ಹೆಣ್ಣಾಗಿಸುವ ವರ್ಣತಂತುವಿನಲ್ಲಿ ಮತ್ತೆ ಮತ್ತೆ ಬರುವ ಡಿಎನ್‌ಎ ತುಣುಕನ್ನು ಅವರು ಗುರುತಿಸಿದ್ದರು. 1980ರ ದಶಕದ ಕೊನೆಯಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದಲ್ಲಿ (ಸಿಸಿಎಂಬಿ) ಅದೇ ತುಣುಕನ್ನು ಬಳಸಿ ಮನುಷ್ಯರ ಡಿಎನ್‌ಎ ಬೆರಳಚ್ಚು ತೆಗೆಯುವ ವಿಧಾನ ರೂಪಿಸಿದರು. ಬ್ರಿಟನ್ನಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ 1984ರಲ್ಲಿ ಕಂಡುಕೊಂಡ ವಿಧಾನಕ್ಕೆ ಕಾಯದೆ ನಮ್ಮದೇ ದಾರಿ ಸಿಕ್ಕಿತು. ಕೇರಳದ ನ್ಯಾಯಾಲಯದಲ್ಲಿ ಪಿತೃತ್ವದ ಪ್ರಶ್ನೆಯೊಂದನ್ನು ಬಗೆಹರಿಸಲು ಅದು ನೆರವಾಯಿತು. ಹಾವಿನ ಲಿಂಗ ನಿರ್ಧಾರ ಓದಿ ಏನು ಪ್ರಯೋಜನ ಎಂದು ಕೇಳುವವರು ಆಗಲೂ ಇದ್ದಿರಬೇಕು.

ಇಂದಿನ ಡಿಎನ್‌ಎ ವರದಿಯಲ್ಲಿ ಎರಡು ಭಾಗ. ಎರಡು ಮಾದರಿಗಳು ಹೊಂದುತ್ತವೆ ಎಂಬುದು ಮೊದಲನೆಯದು. ಸಂಬಂಧವೇ ಇಲ್ಲದ ಇನ್ನೊಬ್ಬರಲ್ಲಿ ಇದೇ ನಮೂನೆ ಅಕಸ್ಮಾತ್ ಸಿಗುವ ಸಂಭವ ಎಷ್ಟು ಎಂಬುದು ಎರಡನೆಯದು. ಎರಡನೆಯದಕ್ಕೆ ಜನಸಮುದಾಯದ ಅಂಕಿ–ಅಂಶ ಬೇಕು, ಸಂಖ್ಯಾಶಾಸ್ತ್ರ ಬೇಕು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ತಲೆತಲಾಂತರದಿಂದ ನಡೆದುಬಂದಿದೆ. ಜಾತಿ–ಉಪಜಾತಿಗಳ ಒಳಗೇ ಮದುವೆ. ಇಂಥ ಕಡೆ ಒಂದೇ ಊರಿನ ಇಬ್ಬರು ಹಂಚಿಕೊಳ್ಳುವ ಡಿಎನ್‌ಎ, ಯಾರೋ ಯಾರನ್ನೋ ಮದುವೆಯಾಗುವ ನಗರದ ಇಬ್ಬರಿಗಿಂತ ಹೆಚ್ಚು. ಬೇರೆ ದೇಶದ ಕೋಷ್ಟಕ ತಂದು ಲೆಕ್ಕ ಹಾಕಿದರೆ ಸಂಭವ ನಿಜಕ್ಕಿಂತ ಕಡಿಮೆಯೆಂದು ಕಾಣಬಹುದು. ಅಂದರೆ ಆರೋಪಿಯ ಮೇಲಿನ ಸಾಕ್ಷ್ಯ ನಿಜಕ್ಕಿಂತ ಗಟ್ಟಿಯೆಂದು ತೋರಬಹುದು. ಅದನ್ನು ಸರಿದೂಗಿಸುವ ಲೆಕ್ಕಗಳಿವೆ, ಅವು ಜನಸಮುದಾಯ ತಳಿಶಾಸ್ತ್ರದ ಪಾಠದಲ್ಲಿ ಬರುತ್ತವೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಾರಿಸಿಬಿಡುವ ಪಾಠ.

ವರದಿ ಇದ್ದಮಾತ್ರಕ್ಕೆ ನ್ಯಾಯಾಲಯ ಒಪ್ಪಬೇಕೆಂದೇನೂ ಇಲ್ಲ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಅತ್ಯಾಚಾರ–ಕೊಲೆ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು ಬಿಡುಗಡೆ ಮಾಡಿತು. ಡಿಎನ್‌ಎ ವರದಿ ಇತ್ತು. ಆದರೆ ಮಾದರಿಗಳು ಪೊಲೀಸ್ ಮಾಲ್‌ಖಾನೆಯಲ್ಲಿ ದಿನಗಟ್ಟಲೆ ಉಳಿದಿದ್ದವು. ವರದಿಯ ತೀರ್ಮಾನಕ್ಕೆ ಆಧಾರವೇನು, ವಿಧಾನವನ್ನು ಸರಿಯಾಗಿ ಅನುಸರಿಸಿದರೇ ಎಂದು ಕೆಳಗಿನ ನ್ಯಾಯಾಲಯಗಳು ನೋಡಿರಲಿಲ್ಲ. ಮಗಳನ್ನು ಕಳೆದುಕೊಂಡ ತಂದೆತಾಯಿಗೆ ಈ ತೀರ್ಪು ಎಷ್ಟು ನೋವು ಕೊಟ್ಟಿತೆಂದು ಹೇಳಬೇಕಾಗಿಲ್ಲ. ಸಾಕ್ಷ್ಯವನ್ನು ಜೀವಂತ ವಸ್ತುವಿನಂತೆ ಕಾಪಾಡದೆ ಹೋದರೆ ಕೊಲೆಯಾದವಳಿಗೂ ಆರೋಪಿಗೂ ಇಬ್ಬರಿಗೂ ಅನ್ಯಾಯವಾಗುತ್ತದೆ.

ಜೀವಶಾಸ್ತ್ರ ನಿರಪರಾಧಿಗಳ ಪರ ನಿಂತ ಪ್ರಕರಣವೊಂದನ್ನು ವಿದ್ಯಾರ್ಥಿಗಳು ಓದಲೇಬೇಕು. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿತ್ತು. ಬೇಕೆಂದೇ ಸೋಂಕು ಹರಡಿದರೆಂದು ಬಲ್ಗೇರಿಯಾದ ಐವರು ನರ್ಸುಗಳಿಗೂ ಒಬ್ಬ ಪ್ಯಾಲೆಸ್ಟೀನಿ ವೈದ್ಯನಿಗೂ ಮರಣದಂಡನೆಯಾಯಿತು. ಅವರು ಅಲ್ಲಿಗೆ ಬಂದದ್ದು 1998ರ ಮಾರ್ಚ್‌ನಲ್ಲಿ. ಎಚ್‌ಐವಿ ಬೇಗ ಬದಲಾಗುವ ವೈರಾಣು; ಒಂದು ಮೂಲದಿಂದ ಕವಲೊಡೆದ ಮೇಲೆ ಎಷ್ಟು ಬದಲಾವಣೆ ಕೂಡಿದೆ ಎಂದು ನೋಡಿ ಕಾಲವನ್ನು ಅಂದಾಜಿಸಬಹುದು. ಮಕ್ಕಳ ದೇಹದ ವೈರಾಣುಗಳನ್ನು ಹೀಗೆ ಹೋಲಿಸಿದ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡ, ಸೋಂಕು ಅವರು ಬರುವ ಮೊದಲೇ ಆ ಆಸ್ಪತ್ರೆಯಲ್ಲಿ ಹರಡುತ್ತಿತ್ತು ಎಂದು 2006ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟಿತು. ಲಿಬಿಯಾದ ನ್ಯಾಯಾಲಯ ಅದೇ ತಿಂಗಳು ಮತ್ತೆ ಮರಣದಂಡನೆ ವಿಧಿಸಿತು. 2007ರ ಜುಲೈನಲ್ಲಿ, ರಾಜತಾಂತ್ರಿಕ ಮಾತುಕತೆಗಳ ನಂತರ, ಅವರು ಬಿಡುಗಡೆಯಾದರು. ವೈರಾಣುವಿನ ವಂಶವೃಕ್ಷ ಎಲ್ಲವನ್ನೂ ಹೇಳುವುದಿಲ್ಲ, ಇವರಿಂದ ಅವರಿಗೆ ನೇರವಾಗಿ ಹೋಯಿತೆಂದು ಅದೊಂದರಿಂದಲೇ ಸಾಬೀತಾಗದು. ಆದರೆ ಹೀಗಾಗಿರಲು ಸಾಧ್ಯವಿಲ್ಲ ಎಂದು ಅದು ಗಟ್ಟಿಯಾಗಿ ಹೇಳಬಲ್ಲದು.

ಸಾವು ಸಂಭವಿಸಿ ಎಷ್ಟು ದಿನವಾಯಿತು ಎಂಬ ಪ್ರಶ್ನೆಗೂ ಈಗ ಸೂಕ್ಷ್ಮಜೀವಿಗಳನ್ನು ಕೇಳುತ್ತಿದ್ದಾರೆ. ಹೆಣದ ಮೇಲೆ ಮೊಟ್ಟೆಯಿಡುವ ನೊಣಗಳ ಮರಿಹುಳುಗಳಿಂದ ಕಾಲ ಎಣಿಸುವ ವಿದ್ಯೆ ಹಳೆಯದು, ಉಷ್ಣಾಂಶ ಗೊತ್ತಿದ್ದರೆ ನಂಬಿಕಸ್ಥವೂ ಹೌದು. ಜೆಸ್ಸಿಕಾ ಮೆಟ್‌ಕಾಫ್ ಮತ್ತು ಸಂಗಡಿಗರು ಟೆನೆಸ್ಸಿ, ಟೆಕ್ಸಸ್, ಕೊಲರಾಡೊಗಳ ಮೂರು ಕಡೆ ದಾನವಾಗಿ ಬಂದ 36 ದೇಹಗಳನ್ನಿಟ್ಟು, ಕೊಳೆಯುವಾಗ ಬರುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಸರದಿಯನ್ನು ದಾಖಲಿಸಿದರು. ಮಣ್ಣು, ಹವೆ ಬೇರೆಯಿದ್ದರೂ ಕೊಳೆಸುವ ತಂಡ ಬಹುಮಟ್ಟಿಗೆ ಒಂದೇ ಎಂದು 2024ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿತು. ಸುಮಾರು ಮೂರು ದಿನಗಳ ಹೆಚ್ಚುಕಡಿಮೆಯಲ್ಲಿ ಕಾಲ ಹೇಳಲು ಸಾಧ್ಯವಾಯಿತು. ಆದರೆ ಆ ಮೂರು ಜಾಗಗಳಲ್ಲಿ ಯಾವುದೂ ಆಷಾಢದ ಸುಳ್ಯದಂತಿಲ್ಲ, ಚೈತ್ರದ ಕಲಬುರಗಿಯಂತೆಯೂ ಇಲ್ಲ. ಇಲ್ಲಿನ ಮಣ್ಣಿನ ಲೆಕ್ಕ ಇಲ್ಲಿಯೇ ಆಗಬೇಕು.

ಇಲ್ಲಿನ ನೀರಿನದೂ ಹಾಗೆಯೇ. ಕೆರೆ, ಬಾವಿ, ನಾಲೆಗಳಲ್ಲಿ ಹೆಣ ಸಿಕ್ಕಿದಾಗ ಮೊದಲ ಪ್ರಶ್ನೆ: ಮುಳುಗಿ ಸತ್ತದ್ದೋ, ಕೊಂದು ಎಸೆದದ್ದೋ? ಇದಕ್ಕೆ ನಮ್ಮ ಪ್ರಯೋಗಾಲಯಗಳು ಡಯಾಟಮ್ ಪರೀಕ್ಷೆ ಮಾಡುತ್ತವೆ. ಡಯಾಟಮ್ ಎಂದರೆ ಸಿಲಿಕಾದ ಕವಚವಿರುವ ಒಂದೇ ಕೋಶದ ಪಾಚಿ. ಜೀವವಿದ್ದು ಮುಳುಗಿದವರು ಎಳೆದುಕೊಂಡ ನೀರಿನ ಜೊತೆ ಅದು ಶ್ವಾಸಕೋಶಕ್ಕೆ ಹೋಗಿ, ರಕ್ತಕ್ಕೆ ಸೇರಿ, ಬಡಿಯುತ್ತಿರುವ ಹೃದಯದ ದೆಸೆಯಿಂದ ಮೂಳೆಯ ಮಜ್ಜೆಯನ್ನೂ ತಲುಪಬಹುದು. ಸತ್ತ ಮೇಲೆ ನೀರಿಗೆ ಬಿದ್ದರೆ ಹೃದಯ ನಿಂತಿರುತ್ತದೆ, ಅಲ್ಲಿಯವರೆಗೆ ಹೋಗುವುದು ಕಷ್ಟ. ಅದಕ್ಕೇ ತೊಡೆಯ ಮೂಳೆ ಅಥವಾ ಎದೆಮೂಳೆಯನ್ನು ಕಳಿಸುವುದು. ಮಜ್ಜೆಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕಾಯಿಸಿದರೆ ಉಳಿದೆಲ್ಲ ಕರಗಿ ಸಿಲಿಕಾ ಕವಚಗಳು ಮಾತ್ರ ಉಳಿಯುತ್ತವೆ.

ಈ ಪರೀಕ್ಷೆಯ ಬಗ್ಗೆ ಜಗತ್ತಿನಲ್ಲಿ ವಾದವಿದೆ, ಮತ್ತು ವಾದ ನ್ಯಾಯವಾದದ್ದೇ. ಕುಡಿಯುವ ನೀರು, ಊಟ, ಗಾಳಿಯ ಮೂಲಕವೂ ಡಯಾಟಮ್ ದೇಹಕ್ಕೆ ಬರಬಹುದು. ಪ್ರಯೋಗಾಲಯದ ನಲ್ಲಿ ನೀರಿನಿಂದಲೂ ಮಾದರಿ ಕೆಡಬಹುದು. ಮುಳುಗಿಯೇ ಸತ್ತವರಲ್ಲೂ ಸಿಗದೇ ಹೋಗುವುದುಂಟು. ಹಾಗಾಗಿ ‘ಡಯಾಟಮ್ ಸಿಕ್ಕಿತು’ ಎಂಬ ಒಂದು ಸಾಲಿಗೆ ಹೆಚ್ಚು ಬೆಲೆಯಿಲ್ಲ. ಯಾವ ಪ್ರಭೇದಗಳು, ಎಷ್ಟೆಷ್ಟು, ಅವೇ ಪ್ರಭೇದಗಳು ಅದೇ ಪ್ರಮಾಣದಲ್ಲಿ ಆ ಕೆರೆಯಲ್ಲಿ ಆ ತಿಂಗಳು ಇದ್ದವೇ ಎಂದು ಹೇಳಿದಾಗ ಮಾತ್ರ ಸಾಕ್ಷ್ಯಕ್ಕೆ ತೂಕ. ಮಳೆ ಬಿದ್ದು ನೀರು ಕದಡಿದಾಗ, ಬೇಸಿಗೆಯಲ್ಲಿ ಬತ್ತಿದಾಗ, ಒಳಚರಂಡಿ ಸೇರಿದಾಗ ಡಯಾಟಮ್‌ಗಳ ಬಳಗ ಬದಲಾಗುತ್ತದೆ. ಹೆಣ ಸಿಕ್ಕ ಹಲವು ದಿನಗಳ ಮೇಲೆ ನೀರಿನ ಮಾದರಿ ತಂದರೆ ಅದು ಬೇರೆಯದೇ ನೀರು.

ಧಾರವಾಡದ ಸುತ್ತಲಿನ ನೀರಿನಲ್ಲಿರುವ ಡಯಾಟಮ್‌ಗಳನ್ನು ಎಚ್.ಪಿ. ಗಾಂಧಿ ಎಂಬ ಸಸ್ಯವಿಜ್ಞಾನಿ 1950ರ ದಶಕದಲ್ಲೇ ಒಂದೊಂದಾಗಿ ಗುರುತಿಸಿ, ಚಿತ್ರ ಬರೆದು ಪ್ರಕಟಿಸಿದ್ದರು. ಮುಂದೆ ಜೋಗದ ಡಯಾಟಮ್‌ಗಳ ಬಗ್ಗೆಯೂ ಬರೆದರು. ಭಾರತದ ಡಯಾಟಮ್ ಅಧ್ಯಯನದಲ್ಲಿ ಅವರದು ದೊಡ್ಡ ಹೆಸರು. ಪೊಲೀಸರಿಗಾಗಿ ಮಾಡಿದ ಕೆಲಸವಲ್ಲ ಅದು, ಆದರೆ ಇಂದು ಅಲ್ಲಿನ ಹೊಂಡವೊಂದರಲ್ಲಿ ಹೆಣ ಸಿಕ್ಕರೆ ಹೋಲಿಸಿ ನೋಡಲು ಇರುವ ಆಧಾರಗಳಲ್ಲಿ ಅದೂ ಒಂದು.

ಫೊರೆನ್ಸಿಕ್ ಎಂಬ ಹಣೆಪಟ್ಟಿಯ ಪದವಿಗೆ ಮುಗಿಬೀಳುವ ಬದಲು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರಗಳಲ್ಲಿ ಯಾವುದನ್ನಾದರೂ ತಳಮಟ್ಟ ಓದಿ, ಜೊತೆಗೆ ಸಂಖ್ಯಾಶಾಸ್ತ್ರ ಕಲಿತು, ಆಮೇಲೆ ಎಂ.ಎಸ್ಸಿ.ಯಲ್ಲಿ ವಿಧಿವಿಜ್ಞಾನಕ್ಕೆ ಬನ್ನಿ ಎಂದು ನಾನು ಹೇಳುವುದು ಇದಕ್ಕೇ. ಮಹಜರು, ಮುದ್ದೆಮಾಲು ಸರಪಳಿ, ಸಾಕ್ಷಿಕಟ್ಟೆಯಲ್ಲಿ ಪಾಟೀ ಸವಾಲು ಎದುರಿಸುವ ಬಗೆ ಇವನ್ನೆಲ್ಲ ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಒಂದು ಕಾಲೊನಿ ಪಕ್ಕದ್ದಕ್ಕಿಂತ ಬೇರೆ ಎಂದು ಕಾಣುವ ಕಣ್ಣು ವರ್ಷಗಳ ಪ್ರಾಕ್ಟಿಕಲ್‌ನಿಂದ ಮಾತ್ರ ಬರುತ್ತದೆ.

ಆ ಪ್ರಾಕ್ಟಿಕಲ್‌ಗಳಿಂದಲೇ ರಾಜ್ಯಕ್ಕೆ ಬೇಕಾದ ಲೆಕ್ಕವೂ ಹುಟ್ಟಬಹುದು. ಪದವಿ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಊರಿನ ಒಂದು ಕೆರೆಯನ್ನು ಆರಿಸಿಕೊಂಡು ತಿಂಗಳಿಗೊಮ್ಮೆ ನೀರು ತಂದು, ಡಯಾಟಮ್ ಸ್ಲೈಡ್ ಮಾಡಿ, ದಿನಾಂಕ, ಜಾಗ, ನೀರಿನ ಉಷ್ಣಾಂಶ ಬರೆದಿಟ್ಟು, ಒಂದು ಪ್ರತಿಯನ್ನು ಹತ್ತಿರದ ಪ್ರಾದೇಶಿಕ ಪ್ರಯೋಗಾಲಯಕ್ಕೆ ಕೊಡುವ ಏರ್ಪಾಡು ಮಾಡಬಹುದು. ಸಾವಿರ ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಒಂದಿದ್ದರೆ ಸಾಕು, ಆಸಿಡ್ ಕಾಯಿಸುವಾಗ ರಸಾಯನಶಾಸ್ತ್ರ ವಿಭಾಗದ ಹೊಗೆಗೂಡು ಬೇಕು. ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋಗುವ ಪ್ರಾಜೆಕ್ಟ್ ವರದಿಗಳ ಬದಲು, ಕೋಲಾರದ ಕೆರೆಯಿಂದ ಕಾಳಿಯ ಹಿನ್ನೀರಿನವರೆಗಿನ ಸ್ಲೈಡುಗಳು ಹತ್ತು ವರ್ಷಗಳಲ್ಲಿ ಒಂದೆಡೆ ಸೇರುತ್ತವೆ.